ಉಪ್ಪುನೀರಿನ ಅಕ್ವೇರಿಯಂ: ಮೊದಲ ಸಲ ನೀರು ತುಂಬುವುದು ಹೇಗೆ?

ಹೊಸ ಉಪ್ಪುನೀರಿನ ಟ್ಯಾಂಕಿನ ಎಡವಟ್ಟುಗಳು ಹೆಚ್ಚಾಗಿ ಶುರುವಾಗುವುದೇ ನೀರು ತುಂಬುವ ದಿನ. ಕಲ್ಲು, ಮರಳು ಜೋಡಿಸಿ, ನಲ್ಲಿನೀರು ಬಿಟ್ಟು, ಮೇಲಿಂದ ಉಪ್ಪಿನ ಪ್ಯಾಕೆಟ್ ಬಗ್ಗಿಸಿಬಿಡುತ್ತಾರೆ. ಉಪ್ಪು ಕಲ್ಲಿನ ಸಂದಿಗಳಲ್ಲಿ, ಮರಳಿನೊಳಗೆ ಹೋಗಿ ಕೂರುತ್ತದೆ. ಅಳತೆ ಇವತ್ತೊಂದು, ನಾಳೆ ಇನ್ನೊಂದು ಬರುತ್ತದೆ. ನೀರನ್ನು ಹೊರಗೆ ಡ್ರಮ್ಮಿನಲ್ಲಿ ಸಿದ್ಧ ಮಾಡಿಕೊಂಡು ಆಮೇಲೆ ಟ್ಯಾಂಕಿಗೆ ಹಾಕುವುದೇ ಸರಿಯಾದ ಕ್ರಮ.

1. ಟ್ಯಾಂಕ್ ಕೂರಿಸಿ

ರಸಮಟ್ಟ ಇಟ್ಟು ಉದ್ದ, ಅಗಲ ಎರಡೂ ಕಡೆ ನೋಡಿ. 100 ಲೀಟರ್ ಉಪ್ಪುನೀರೇ 102 ಕೆ.ಜಿ. ದಾಟುತ್ತದೆ, ತುಂಬಿದ ಮೇಲೆ ಸರಿಸುವ ಮಾತಿಲ್ಲ. ಓರೆಯಿದ್ದರೆ ಚಕ್ಕೆ ಕೊಡಬೇಕಾದದ್ದು ಸ್ಟ್ಯಾಂಡಿನ ಕಾಲಿನ ಕೆಳಗೆ, ಗಾಜಿನ ಕೆಳಗಲ್ಲ. ಸಿಹಿನೀರು ತುಂಬಿಸಿ ಒಂದು ದಿನ ಸೋರಿಕೆ ನೋಡಿ, ಖಾಲಿ ಮಾಡಿ.

2. ನೀರು

ಆರ್‌ಒ ಜೊತೆಗೆ, ಉಳಿದ ಲವಣಗಳನ್ನೂ ಹಿಡಿದಿಡುವ ಡಿಐ ಫಿಲ್ಟರ್ ಕೂಡ ದಾಟಿ ಬಂದ, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರಿನಲ್ಲಿ 0 ತೋರಿಸುವ ನೀರು ಬೇಕು. ಕುಡಿಯುವ ನೀರಿನ ಎಷ್ಟೋ ಯಂತ್ರಗಳು ರುಚಿಗಾಗಿ ಖನಿಜಗಳನ್ನು ಮತ್ತೆ ಸೇರಿಸುತ್ತವೆ, ಆದ್ದರಿಂದ ‘ಆರ್‌ಒ ನೀರೇ ತಾನೇ’ ಎಂದು ಮೀಟರ್ ಹಿಡಿಯದೆ ಬಳಸಬೇಡಿ. ನಲ್ಲಿನೀರಿನಲ್ಲಿ ಕ್ಲೋರಿನ್ ಅಲ್ಲದೆ ನೈಟ್ರೇಟ್, ಫಾಸ್ಫೇಟ್, ಸಿಲಿಕೇಟ್ ಇರಬಹುದು. ಇವೆಲ್ಲ ಪಾಚಿಗೆ ಮೇವು. ತಾಮ್ರದ ಅಂಶ ಸೇರಿದರಂತೂ ಸೀಗಡಿ, ಬಸವನಹುಳು ಉಳಿಯುವುದಿಲ್ಲ. ಕ್ಲೋರಿನ್ ತೆಗೆಯುವ ಹನಿಗಳು ಕ್ಲೋರಿನ್ನಿಗೆ ಸರಿ, ಫಾಸ್ಫೇಟನ್ನು ಅವು ಮುಟ್ಟುವುದೇ ಇಲ್ಲ.

3. ಉಪ್ಪು ಕರಗಿಸುವುದು

ಎಲ್ಲರೂ ಕಣ್ಣಂದಾಜಿನಲ್ಲಿ ಮುಗಿಸುವ ಕೆಲಸ ಇದು. ಇಲ್ಲಿ ತಕ್ಕಡಿ ಬೇಕೇ ಬೇಕು. ಅಡುಗೆ ಉಪ್ಪು ಬೇಡ: ಅದು ಹೆಚ್ಚುಕಡಿಮೆ ಬರೀ ಸೋಡಿಯಂ ಕ್ಲೋರೈಡ್. ಸಮುದ್ರದ ನೀರಿನಲ್ಲಿರುವ ಮೆಗ್ನೀಸಿಯಂ, ಕ್ಯಾಲ್ಸಿಯಂ, ಬೈಕಾರ್ಬೊನೇಟ್‌ಗಳಿಗಾಗಿ ಅಕ್ವೇರಿಯಂಗೆಂದೇ ತಯಾರಿಸಿದ ಸಾಲ್ಟ್ ಮಿಕ್ಸ್ ತನ್ನಿ. ಒಳಗೆ ಗಟ್ಟಿಯಾಗಿ ಕಲ್ಲುಕಟ್ಟಿದ ಪ್ಯಾಕೆಟನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

ಸೋಪು, ಔಷಧಿ ಯಾವುದನ್ನೂ ಕಾಣದ, ಆಹಾರ ತುಂಬಲು ಯೋಗ್ಯವಾದ ಪ್ಲಾಸ್ಟಿಕ್ ಡ್ರಮ್ ತೆಗೆದುಕೊಳ್ಳಿ. 50 ಲೀಟರ್ ನೀರು ಅಳೆದು ಹಾಕಿ, ಒಳಗೆ ಪಂಪ್ ಇಳಿಸಿ ನೀರು ಸುತ್ತುವಂತೆ ಮಾಡಿ, 25 ಡಿಗ್ರಿ ಸೆಲ್ಸಿಯಸ್‌ಗೆ ತನ್ನಿ. ಲೀಟರಿಗೆ ಸುಮಾರು 37 ಗ್ರಾಂ ಎಂದರೆ 50 ಲೀಟರಿಗೆ 1.85 ಕೆ.ಜಿ. ಉಪ್ಪು ಬೇಕಾಗುತ್ತದೆ. ಕಂಪನಿಯಿಂದ ಕಂಪನಿಗೆ ಸ್ವಲ್ಪ ವ್ಯತ್ಯಾಸ ಇರುವುದರಿಂದ ಮೊದಲು 1.75 ಕೆ.ಜಿ. ಮಾತ್ರ ಹಾಕಿ. ಸಾಗಾಟದಲ್ಲಿ ಸಣ್ಣ ಪುಡಿ ತಳಕ್ಕೆ ಇಳಿದಿರುತ್ತದೆ, ಹಾಗಾಗಿ ಪ್ಯಾಕೆಟ್ ಒಡೆಯುವ ಮುಂಚೆ ನಾಲ್ಕು ಸಲ ಉರುಳಿಸಿ.

ನೀರಿಗೆ ಉಪ್ಪು ಹಾಕಬೇಕು, ಉಪ್ಪಿನ ಮೇಲೆ ನೀರು ಸುರಿಯಬಾರದು. ಹಾಗೆ ಸುರಿದರೆ ತಳದಲ್ಲಿ ಸ್ವಲ್ಪ ಹೊತ್ತು ಉಪ್ಪಿನ ಸಾಂದ್ರತೆ ವಿಪರೀತ ಏರಿ, ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್ ಸೇರಿಕೊಂಡು ಸುಣ್ಣದಂಥ ಬಿಳಿ ಪುಡಿಯಾಗಿ ಕೂರುತ್ತವೆ. ಆಮೇಲೆ ದಿನವಿಡೀ ಕಲಕಿದರೂ ಅದು ಕರಗುವುದಿಲ್ಲ, ನೀರಿನ ಕ್ಷಾರತೆಯೂ ಇಳಿದಿರುತ್ತದೆ. ಆದ್ದರಿಂದ ಹಿಡಿಹಿಡಿಯಾಗಿ ಹತ್ತು ಹದಿನೈದು ನಿಮಿಷದಲ್ಲಿ ಉದುರಿಸಿ. ಒಂದು ಹಿಡಿ ಮಾಯವಾದ ಮೇಲೆ ಇನ್ನೊಂದು. ಪಂಪಿನ ಬಾಯಿಯನ್ನು ಸ್ವಲ್ಪ ಮೇಲಕ್ಕೆ ತಿರುಗಿಸಿ, ನೀರಿನ ಮೇಲ್ಮೈ ಅಲುಗುತ್ತಿರುವಂತೆ ರಾತ್ರಿಯಿಡೀ ಬಿಡಿ.

ಅಳೆಯುವುದು ಮಾರನೆಯ ದಿನ. ನೀರಿನಲ್ಲಿ ಬೆಳಕು ಬಾಗುವುದನ್ನು ನೋಡಿ ಉಪ್ಪಿನಂಶ ತಿಳಿಸುವ ರಿಫ್ರಾಕ್ಟೋಮೀಟರನ್ನೇ ಕೊಳ್ಳಿ. ಮುಳ್ಳು ಏರಿಳಿಯುವ ಪ್ಲಾಸ್ಟಿಕ್ ಹೈಡ್ರೋಮೀಟರ್ ಅಗ್ಗ, ಆದರೆ ಮುಳ್ಳಿಗೆ ಒಂದೆರಡು ಗಾಳಿಗುಳ್ಳೆ ಅಂಟಿದರೆ ಸಾಕು, ಅದು ತೇಲಿ ಇಲ್ಲದ ಉಪ್ಪನ್ನೂ ತೋರಿಸುತ್ತದೆ. ರಿಫ್ರಾಕ್ಟೋಮೀಟರನ್ನು ಶುದ್ಧ ನೀರಿನಲ್ಲಿ ಸೊನ್ನೆಗೆ ಹೊಂದಿಸಿದರೆ ಸಾಲದು. 35 ಪಿಪಿಟಿ (ಸಾವಿರ ಭಾಗದಲ್ಲಿ 35 ಭಾಗ ಉಪ್ಪು) ದ್ರಾವಣ ಬೇರೆಯಾಗಿ ಸಿಗುತ್ತದೆ, ಅದರಲ್ಲಿ ಹೊಂದಿಸಿ. ಗಾಜಿನ ಮೇಲೆ ಎರಡು ಹನಿ ಬಿಟ್ಟು, ಗುಳ್ಳೆ ಇಲ್ಲದಂತೆ ಮುಚ್ಚಳ ಮುಚ್ಚಿ, ಅರ್ಧ ನಿಮಿಷ ತಡೆದು ನೋಡಿ. 35 ಪಿಪಿಟಿ, ಅಂದರೆ ಸಾಪೇಕ್ಷ ಸಾಂದ್ರತೆಯ ಲೆಕ್ಕದಲ್ಲಿ ಸುಮಾರು 1.026 ಬರಬೇಕು.

50 ಲೀಟರಿನ ಡ್ರಮ್ 33 ತೋರಿಸಿದರೆ ಕೊರತೆ ಲೀಟರಿಗೆ 2 ಗ್ರಾಂ, ಒಟ್ಟು 100 ಗ್ರಾಂ. ಮಿಕ್ಸ್‌ನಲ್ಲಿ ತೇವವೂ ಇರುವುದರಿಂದ 110 ಗ್ರಾಂ ಹಾಕಿ. 38 ತೋರಿಸಿದರೆ 4 ಲೀಟರ್ ತೆಗೆದು ಅಷ್ಟೇ ಶುದ್ಧ ನೀರು ಸೇರಿಸಿ. ಒಂದು ಗಂಟೆ ಬಿಟ್ಟು ಮತ್ತೆ ಅಳೆಯಿರಿ.

ಡ್ರಮ್ ಇಲ್ಲ, ಟ್ಯಾಂಕಿನಲ್ಲೇ ಕರಗಿಸುತ್ತೇನೆ ಎನ್ನುವವರು ಕಲ್ಲು, ಮರಳು ಇಳಿಸುವ ಮೊದಲೇ ಮಾಡಿ, ಮುಕ್ಕಾಲು ಭಾಗ ಮಾತ್ರ ತುಂಬಿ. ಜೀವಿಗಳಿಲ್ಲದ ಈ ಮೊದಲ ಸಲಕ್ಕೆ ಮಾತ್ರ ಇದು ನಡೆಯುತ್ತದೆ. ಪೆಟ್ಟಿಗೆಯ ಮೇಲೆ ಬರೆದ ಲೀಟರ್ ಲೆಕ್ಕಕ್ಕೆ ಎಳ್ಳುನೀರು ಬಿಟ್ಟು ಬಕೆಟ್ ಎಣಿಸಿ. 180 ಲೀಟರಿನದೆಂದು ಮಾರುವ ಟ್ಯಾಂಕಿನಲ್ಲಿ ಹಿಡಿದ ನೀರು 145 ಲೀಟರ್ ಮಾತ್ರ ಎಂದುಕೊಳ್ಳಿ. 180ರ ಲೆಕ್ಕದಲ್ಲಿ ಉಪ್ಪು ಸುರಿದರೆ ಲೀಟರಿಗೆ 37ರ ಬದಲು ಸುಮಾರು 46 ಗ್ರಾಂ ಬೀಳುತ್ತದೆ.

4. ಕಲ್ಲು, ಆಮೇಲೆ ಮರಳು

ಮೊದಲು ಕಲ್ಲು ಗಾಜಿನ ತಳದ ಮೇಲೆ ನೇರವಾಗಿ, ಅಲುಗದಂತೆ ಕೂರಬೇಕು. ಮರಳಿನ ಮೇಲೆ ಕಲ್ಲಿಟ್ಟರೆ, ಬಿಲ ತೋಡುವ ಗೋಬಿ ಮೀನು ಒಂದು ದಿನ ಅಡಿಪಾಯವನ್ನೇ ತೋಡಿಬಿಡುತ್ತದೆ. ಸುತ್ತ 3ರಿಂದ 5 ಸೆಂ.ಮೀ. ಅರಗೊನೈಟ್ (ಸುಣ್ಣದಂಶದ) ಮರಳು ಸಾಕು. ಒಣ ಮರಳನ್ನು ಅಕ್ಕಿ ತೊಳೆದ ಹಾಗೆ, ನೀರು ತಿಳಿಯಾಗುವವರೆಗೆ ತೊಳೆಯಿರಿ. ಬ್ಯಾಕ್ಟೀರಿಯಾ ಸಮೇತ ಬರುವ ಲೈವ್ ಸ್ಯಾಂಡನ್ನು ತೊಳೆದರೆ ಕೊಟ್ಟ ದುಡ್ಡು ನೀರಿನಲ್ಲಿ ಹೋಮ.

5. ತುಂಬುವುದು

ಮರಳಿನ ಮೇಲೆ ಒಂದು ತಟ್ಟೆ ಇಟ್ಟು, ಅದರ ಮೇಲೆ ಬೀಳುವಂತೆ ನಿಧಾನವಾಗಿ ಸುರಿಯಿರಿ. ಹೀಗೆ ಮಾಡಿದರೂ ನೀರು ಒಂದೆರಡು ದಿನ ಮಬ್ಬಾಗಿರುತ್ತದೆ. ಫಿಲ್ಟರಿಗೆ ಬಿಳಿ ಹತ್ತಿಯಂಥ ಫ್ಲಾಸ್ ಹಾಕಿ ಸುಮ್ಮನಿರಿ. ನೀರು ತಿಳಿಯಾಗಿಸುವ ಬಾಟಲಿಗಳ ಗೊಡವೆ ಬೇಡ.

ಸ್ಟ್ಯಾಂಡಿನೊಳಗೆ ಸಂಪ್ ಎನ್ನುವ ಕೆಳತೊಟ್ಟಿ ಇದ್ದರೆ ಇನ್ನೊಂದು ಪರೀಕ್ಷೆ ಬಾಕಿ. ಪಂಪ್ ಓಡುತ್ತಿರುವಾಗ ಕರೆಂಟ್ ತೆಗೆಯಿರಿ. ಮೇಲಿನ ನೀರು ಪೈಪಿನ ಮೂಲಕ ಹಿಂದಕ್ಕೆ ಇಳಿಯುತ್ತದೆ. ಕೆಳತೊಟ್ಟಿ ಅಂಚಿಗೆ ಬಂದರೆ ಅಲ್ಲಿಂದ ನೀರು ತೆಗೆದು, ಇಳಿತ ನಿಂತಾಗಲೂ ಕೆಲವು ಸೆಂ.ಮೀ. ಜಾಗ ಉಳಿಯುವ ಹಾಗೆ ಮಾಡಿ. ಪಂಪ್ ಮತ್ತೆ ಓಡಿಸಿ, ನೀರು ನಿಲ್ಲುವ ಮಟ್ಟಕ್ಕೆ ಮಾರ್ಕರ್ ಗೆರೆ ಎಳೆಯಿರಿ. ನಡುವೆ ಕರೆಂಟ್ ಹೋದಾಗ ನೆಲ ಒದ್ದೆಯಾಗದಿರುವುದು ಈ ಗೆರೆಯಿಂದಲೇ.

ಹೀಟರ್ ಪೂರ್ತಿ ಮುಳುಗಿದ ಮೇಲೆ ಸ್ವಿಚ್ ಹಾಕಿ, ಒಣಗಿದ್ದಾಗ ಬಿಸಿಯಾದರೆ ಗಾಜು ಸೀಳುತ್ತದೆ. ಪ್ರತಿ ವೈರೂ ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಜೋತುಬಿದ್ದು ಮೇಲೇರಲಿ. ಆಗ ವೈರಿಗುಂಟ ಇಳಿಯುವ ನೀರು ಪ್ಲಗ್ಗಿಗೆ ಮುಟ್ಟದೆ ಅಲ್ಲೇ ತೊಟ್ಟಿಕ್ಕುತ್ತದೆ.

6. ಆಮೇಲೆ

ಆವಿಯಾಗುವುದು ನೀರು ಮಾತ್ರ, ಉಪ್ಪು ಹಿಂದೆಯೇ ಉಳಿಯುತ್ತದೆ. ಮಟ್ಟ ಇಳಿದಾಗ ಉಪ್ಪಿಲ್ಲದ ಆರ್‌ಒ ಡಿಐ ನೀರನ್ನೇ ಗೆರೆಯವರೆಗೆ ತುಂಬಿ. ಇನ್ನು ಮೀನು. ಮೀನಿನ ತ್ಯಾಜ್ಯದಿಂದ ಬರುವ ವಿಷಕಾರಿ ಅಮೋನಿಯಾವನ್ನೂ ಅದರಿಂದ ಹುಟ್ಟುವ ನೈಟ್ರೈಟನ್ನೂ ಮುಗಿಸುವ ಬ್ಯಾಕ್ಟೀರಿಯಾ ಮೊದಲು ಬೆಳೆಯಬೇಕು. ಅಕ್ವೇರಿಯಂಗೆಂದೇ ಬಾಟಲಿಯಲ್ಲಿ ಸಿಗುವ ಅಮೋನಿಯಾ ಹಾಕಿ 2 ಪಿಪಿಎಂಗೆ (ಲೀಟರಿಗೆ ಸುಮಾರು 2 ಮಿ.ಗ್ರಾಂ) ತಂದು, ಅಮೋನಿಯಾ ಮತ್ತು ನೈಟ್ರೈಟ್ ಎರಡೂ 24 ಗಂಟೆಯೊಳಗೆ ಸೊನ್ನೆಗೆ ಇಳಿಯುವಷ್ಟು ಬ್ಯಾಕ್ಟೀರಿಯಾ ಬೆಳೆಯುವವರೆಗೆ ಕಾಯಿರಿ. ಸಾಮಾನ್ಯವಾಗಿ ಕೆಲವು ವಾರ ಹಿಡಿಯುತ್ತದೆ. ಅಷ್ಟು ದಿನ ಲೈಟ್ ಹಾಕಬೇಡಿ, ಪಾಚಿಗಲ್ಲದೆ ಬೇರೆ ಯಾರಿಗೂ ಅದು ಬೇಕಾಗಿಲ್ಲ. ಮೀನು ತರುವ ಹಿಂದಿನ ದಿನ ಉಪ್ಪನ್ನು ಮತ್ತೊಮ್ಮೆ ಅಳೆಯಿರಿ.