ಅಪ್‌ಡೇಟ್ ಆದ ಮೇಲೆ ‘ಜಾವಾ ಹೋಮ್’ ಕಾಣೆಯೇ? ಹೀಗೆ ಹುಡುಕಿ

“ನಿನ್ನೆ ಸಂಜೆವರೆಗೆ ಸರಿ ಇತ್ತು ಮಾರಾಯ್ರೆ. ಅಪ್‌ಡೇಟ್ ಆದದ್ದೇ, ಈಗ ಓಪನ್ನೇ ಆಗುದಿಲ್ಲ!” ಮಂಗಳೂರಿನ ಯಾವ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಸ್ವಲ್ಪ ಹೊತ್ತು ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ. ಕರಂಗಲ್ಪಾಡಿಯ ಅಕೌಂಟ್ಸ್ ಆಫೀಸಿನಲ್ಲಿ ಅದು ಡಿಜಿಟಲ್ ಸಹಿ ಹಾಕುವ ತಂತ್ರಾಂಶವಾಗಿರಬಹುದು, ಮಣಿಪಾಲದ ಹಾಸ್ಟೆಲಿನಲ್ಲಿ ನಾಳೆ ತೋರಿಸಬೇಕಾದ ಪ್ರಾಜೆಕ್ಟ್ ಆಗಿರಬಹುದು. ಐಕಾನ್ ಒತ್ತಿದರೆ ಕಪ್ಪು ಕಿಟಕಿಯೊಂದು ಮಿಂಚಿ ಮಾಯ. ಇಲ್ಲವೇ ‘ಜಾವಾ ಹೋಮ್ ಈಸ್ ನಾಟ್ ಸೆಟ್’ ಎಂಬ ಒಂದು ಸಾಲು. ಇಷ್ಟಕ್ಕೆಲ್ಲ ಫಾರ್ಮ್ಯಾಟ್ ಹೊಡೆಸಲು ಹೋಗಬೇಡಿ.

ಜಾವಾ ಹೋಮ್, ಪಾತ್ ಮುಂತಾದವು ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳು. ಯಾವ ವಸ್ತು ಯಾವ ಫೋಲ್ಡರಿನಲ್ಲಿದೆ ಎಂದು ಪ್ರೋಗ್ರಾಮಿಗೆ ಹೇಳುವ ಚೀಟಿಗಳು ಎನ್ನಿ. ಇಂಥ ಪ್ರೋಗ್ರಾಮುಗಳನ್ನು ಓಡಿಸುವ ಜಾವಾ ತಂತ್ರಾಂಶ ಎಲ್ಲಿದೆ ಎನ್ನುವುದು ಜಾವಾ ಹೋಮ್; ಆದೇಶ ಕೊಟ್ಟಾಗ ಪ್ರೋಗ್ರಾಮನ್ನು ಯಾವ ಫೋಲ್ಡರುಗಳಲ್ಲಿ ಹುಡುಕಬೇಕು ಎಂಬ ಪಟ್ಟಿ ಪಾತ್. ಪ್ರತಿ ಪ್ರೋಗ್ರಾಮೂ ಇವನ್ನು ತನ್ನನ್ನು ಶುರು ಮಾಡಿದ ಪ್ರೋಗ್ರಾಮಿನಿಂದ ಪಡೆಯುತ್ತದೆ, ಅದೂ ಶುರುವಾಗುವ ಕ್ಷಣದಲ್ಲಿ ಮಾತ್ರ. ಬೆಳಿಗ್ಗೆ ಮನೆಯಿಂದ ಕಟ್ಟಿಕೊಂಡು ಹೊರಟ ಬುತ್ತಿಯ ಹಾಗೆ: ಆಮೇಲೆ ಅಡುಗೆಮನೆಯಲ್ಲಿ ಏನು ಬೆಂದರೂ ಡಬ್ಬಿಗೆ ಬರುವುದಿಲ್ಲ. ಹಾಗಾಗಿ ‘ಏನು ಹೋಯಿತು’ ಎನ್ನುವುದರ ಜೊತೆಗೆ ‘ಇದನ್ನು ಶುರು ಮಾಡಿದ್ದು ಯಾರು’ ಎಂದೂ ಕೇಳಬೇಕು.

ಮೊದಲು ಇದೆಯೋ ಇಲ್ಲವೋ ನೋಡಿ

ಸ್ಟಾರ್ಟ್ ಮೆನುವಿನಲ್ಲಿ ‘ಸಿಎಂಡಿ’ ಎಂದು ಟೈಪ್ ಮಾಡಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ‘ಎಕೋ’ ಎಂದು ಬರೆದು, ಒಂದು ಸ್ಪೇಸ್ ಬಿಟ್ಟು, ಎರಡು ಶೇಕಡಾ ಚಿಹ್ನೆಗಳ ನಡುವೆ ಜಾವಾ ಹೋಮ್ ಹೆಸರನ್ನು ಹಾಕಿ ಎಂಟರ್ ಒತ್ತಿ. ಎಲ್ಲವೂ ಇಂಗ್ಲಿಷಿನಲ್ಲೇ (echo %JAVA_HOME%), ಎರಡು ಪದಗಳ ಮಧ್ಯೆ ಅಂಡರ್‌ಸ್ಕೋರ್ ಬೇಕೇ ಬೇಕು. ಫೋಲ್ಡರಿನ ವಿಳಾಸ ಬಂದರೆ ವೇರಿಯಬಲ್ ಇದೆ. ನೀವು ಬರೆದದ್ದೇ ಶೇಕಡಾ ಚಿಹ್ನೆಗಳ ಸಮೇತ ತಿರುಗಿ ಬಂದರೆ ಇಲ್ಲ. ಇದನ್ನು ವಿಂಡೋಸ್‌ನದೇ ಇನ್ನೊಂದು ಆದೇಶದ ಕಿಟಕಿಯಾದ ಪವರ್‌ಶೆಲ್‌ನಲ್ಲಿ ಮಾಡಬೇಡಿ. ಅಲ್ಲಿ ಶೇಕಡಾ ಚಿಹ್ನೆಗೆ ಆ ಅರ್ಥವಿಲ್ಲ, ಇರುವ ವೇರಿಯಬಲ್ಲೂ ಇಲ್ಲದಂತೆ ಕಾಣುತ್ತದೆ. ಹೊಸ ವಿಂಡೋಸ್‌ನ ಟರ್ಮಿನಲ್ ತಾನಾಗಿ ತೆರೆಯುವುದು ಪವರ್‌ಶೆಲ್ಲನ್ನೇ, ನೆನಪಿರಲಿ.

ವಿಳಾಸ ಬಂದ ಮಾತ್ರಕ್ಕೆ ಗೆದ್ದೆವು ಎಂದಲ್ಲ. ಅದನ್ನು ಕಾಪಿ ಮಾಡಿ ಫೈಲ್ ಎಕ್ಸ್‌ಪ್ಲೋರರಿನ ಮೇಲಿನ ಪಟ್ಟಿಗೆ ಹಾಕಿ. ಆ ಫೋಲ್ಡರ್ ನಿಜವಾಗಿ ತೆರೆದುಕೊಳ್ಳಬೇಕು. ಅಪ್‌ಡೇಟ್ ಎಡವಟ್ಟು ಮಾಡುವುದು ಹೆಚ್ಚಾಗಿ ಇಲ್ಲೇ. ಜಾವಾದ ಫೋಲ್ಡರ್ ಹೆಸರಿನಲ್ಲಿ ಆವೃತ್ತಿಯ ಸಂಖ್ಯೆಯೂ ಸೇರಿರುತ್ತದೆ. ಹೊಸದು ಬಂದು ಹಳೆಯದು ಅಳಿಸಿಹೋದರೂ ಚೀಟಿಯಲ್ಲಿ ಹಳೇ ವಿಳಾಸವೇ ಉಳಿದಿರುತ್ತದೆ. ಇನ್ನೊಂದು ಪ್ರೋಗ್ರಾಮಿಂಗ್ ಭಾಷೆಯಾದ ಪೈಥಾನ್‌ನದು ಬೇರೆ ಕಥೆ: ಅದರ ಇನ್‌ಸ್ಟಾಲರಿನಲ್ಲಿ ಪಾತ್‌ಗೆ ಸೇರಿಸುವ ಟಿಕ್ ಮಾರ್ಕನ್ನು ನಾವೇ ಹಾಕಬೇಕು, ತಾನಾಗಿ ಬಿದ್ದಿರುವುದಿಲ್ಲ.

ಸರಿಪಡಿಸುವುದು

ಸ್ಟಾರ್ಟ್ ಮೆನುವಿನಲ್ಲಿ ‘ಎನ್ವಿರಾನ್‌ಮೆಂಟ್’ ಎಂದು ಹುಡುಕಿದರೆ ಬೇಕಾದ ಕಿಟಕಿ ಸಿಗುತ್ತದೆ. ಮೇಲಿನ ಭಾಗದಲ್ಲಿರುವುದು ನಿಮ್ಮ ಅಕೌಂಟಿಗೆ ಮಾತ್ರ, ಕೆಳಗಿನದು ಇಡೀ ಕಂಪ್ಯೂಟರಿಗೆ. ಏನನ್ನೂ ಮುಟ್ಟುವ ಮೊದಲು ಪಾತ್‌ನ ಹಳೆಯ ಪಟ್ಟಿಯನ್ನು ನೋಟ್‌ಪ್ಯಾಡಿಗೆ ಕಾಪಿ ಮಾಡಿಡಿ. ಜಾವಾ ಹೋಮ್‌ಗೆ ಹೊಸ ಫೋಲ್ಡರಿನ ವಿಳಾಸ ಕೊಡಿ, ಅದರೊಳಗಿನ ‘ಬಿನ್’ ಫೋಲ್ಡರಿನದ್ದಲ್ಲ. ಉದ್ಧರಣ ಚಿಹ್ನೆಯಾಗಲಿ ಕೊನೆಯಲ್ಲಿ ಸ್ಪೇಸ್ ಆಗಲಿ ಬೇಡ.

ಪಾತ್‌ನಲ್ಲಿ ಸಾಲಿನ ಮುಂದೆ ನಿಂತವನಿಗೇ ಮಣೆ. ಒರೇಕಲ್‌ನ ಜಾವಾ ತನ್ನ ‘ಜಾವಾಪಾತ್’ ಫೋಲ್ಡರನ್ನು ಮುಂದೆ ತೂರಿಸುವುದುಂಟು. ಕಂಪ್ಯೂಟರಿನ ಪಾತ್ ಮುಗಿದ ಮೇಲಷ್ಟೇ ನಿಮ್ಮ ಅಕೌಂಟಿನ ಪಾತ್ ಸೇರುತ್ತದೆ. ಹಾಗಾಗಿ ಮೇಲಿನ ಭಾಗದಲ್ಲಿ ಎಷ್ಟು ತಿದ್ದಿದರೂ ಹಳೇ ಜಾವಾವೇ ಓಡುವುದುಂಟು. ಕಮಾಂಡ್ ಪ್ರಾಂಪ್ಟಿನಲ್ಲಿ ‘ವೇರ್ ಜಾವಾ’ (where java) ಎಂದು ಕೊಟ್ಟರೆ ಎಲ್ಲವನ್ನೂ ಸರದಿಯಂತೆ ತೋರಿಸುತ್ತದೆ; ಓಡುವುದು ಮೊದಲನೆಯದು.

ಯಾರೋ ವಾಟ್ಸಾಪಿನಲ್ಲಿ ಕಳಿಸಿದ ‘ಸೆಟ್‌ಎಕ್ಸ್’ ಆದೇಶವನ್ನು ಪಾತ್ ತಿದ್ದಲು ಬಳಸಬೇಡಿ. ಅದು 1024 ಅಕ್ಷರಗಳಾಚೆಗಿನದ್ದನ್ನು ಕತ್ತರಿಸಿ ಬಿಸಾಡುತ್ತದೆ. ಒಂದನ್ನು ಸರಿ ಮಾಡಲು ಹೋಗಿ ನಾಲ್ಕು ಕೆಡಿಸಿಕೊಂಡ ಹಾಗೆ.

ತಿದ್ದಿದರೂ ಏಕೆ ಬರಲಿಲ್ಲ?

ಓಕೆ ಒತ್ತಿದ ಕೂಡಲೇ ಹಳೇ ಕಿಟಕಿಯಲ್ಲೇ ಪರೀಕ್ಷಿಸಿ “ಇನ್ನೂ ಇಲ್ಲ” ಎನ್ನುವವರೇ ಹೆಚ್ಚು. ತೆರೆದಿದ್ದ ಕಮಾಂಡ್ ಪ್ರಾಂಪ್ಟಿಗೆ ಹೊಸ ಸುದ್ದಿ ತಲುಪುವುದಿಲ್ಲ. ಪ್ರೋಗ್ರಾಮ್ ಬರೆಯಲು ಬಳಸುವ ವಿಎಸ್ ಕೋಡ್‌ನೊಳಗಿನ ಟರ್ಮಿನಲ್ ಮಾತ್ರ ಮುಚ್ಚಿ ತೆರೆದರೂ ಸಾಲದು, ಅದಕ್ಕೆ ವೇರಿಯಬಲ್‌ಗಳನ್ನು ಹಂಚುವುದು ವಿಎಸ್ ಕೋಡ್ ತಾನೇ. ಅದರ ಎಲ್ಲ ಕಿಟಕಿಗಳನ್ನೂ ಮುಚ್ಚಿ ಸ್ಟಾರ್ಟ್ ಮೆನುವಿನಿಂದ ಹೊಸದಾಗಿ ತೆರೆಯಿರಿ. ಹಿನ್ನೆಲೆಯಲ್ಲಿ ಓಡುವ ಸರ್ವಿಸ್‌ಗಳಿಗಾದರೆ ಕಂಪ್ಯೂಟರನ್ನೇ ರೀಸ್ಟಾರ್ಟ್ ಮಾಡಬೇಕು. ಬೇಗ ಆನ್ ಆಗಲೆಂದು ವಿಂಡೋಸ್‌ನಲ್ಲಿರುವ ಫಾಸ್ಟ್ ಸ್ಟಾರ್ಟಪ್ ಸೌಲಭ್ಯ ಇರುವಲ್ಲಿ ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡುವುದು ರೀಸ್ಟಾರ್ಟ್‌ಗೆ ಸಮನಲ್ಲ, ಸರ್ವಿಸ್‌ಗಳು ಹಳೇ ಸ್ಥಿತಿಯಲ್ಲೇ ಎದ್ದು ಕೂರುತ್ತವೆ.

ಆಫೀಸುಗಳಲ್ಲಿ ಇನ್ನೊಂದು ತಕರಾರು. ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಎಂದು ಒತ್ತಿ ಬೇರೊಬ್ಬರ ಪಾಸ್‌ವರ್ಡ್ ಕೊಟ್ಟರೆ, ಪ್ರೋಗ್ರಾಮಿಗೆ ಸಿಗುವುದು ಅವರ ಅಕೌಂಟಿನ ವೇರಿಯಬಲ್‌ಗಳು, ನಿಮ್ಮದಲ್ಲ. ಎಲ್ಲರಿಗೂ ಬೇಕಾದದ್ದನ್ನು ಕೆಳಗಿನ ಭಾಗದಲ್ಲೇ ಹಾಕಿಸಿ.

ಇಷ್ಟಾದರೂ ಸಂಶಯವಿದ್ದರೆ ಮೈಕ್ರೋಸಾಫ್ಟ್‌ನ ಉಚಿತ ‘ಪ್ರೋಸೆಸ್ ಎಕ್ಸ್‌ಪ್ಲೋರರ್’ ಇಳಿಸಿಕೊಳ್ಳಿ. ಓಡುತ್ತಿರುವ ಪ್ರೋಗ್ರಾಮಿನ ಮೇಲೆ ಡಬಲ್ ಕ್ಲಿಕ್ ಮಾಡಿದರೆ ‘ಎನ್ವಿರಾನ್‌ಮೆಂಟ್’ ಎಂಬ ಟ್ಯಾಬಿನಲ್ಲಿ ಅದಕ್ಕೆ ಏನೇನು ಸಿಕ್ಕಿದೆ ಎಂಬುದೆಲ್ಲ ಕಾಣುತ್ತದೆ. ಊಹೆ ಮಾಡುತ್ತ ಕೂರುವುದಕ್ಕಿಂತ ಇದು ವಾಸಿ.

ಲಿನಕ್ಸ್‌ನಲ್ಲಿ ಟರ್ಮಿನಲ್‌ನಿಂದ ತೆರೆದರೆ ಸರಿ, ಮೆನುವಿನಿಂದ ತೆರೆದರೆ ಕೈಕೊಡುತ್ತದೆ ಎಂದಾದರೆ ‘ಬ್ಯಾಶ್‌ಆರ್‌ಸಿ’ ಫೈಲಿನಲ್ಲಿ ಬರೆದದ್ದೇ ಕಾರಣವಿರಬಹುದು. ಅದನ್ನು ಓದುವುದು ಟರ್ಮಿನಲ್ ಮಾತ್ರ. ಅಪ್‌ಡೇಟ್ ಆದ ಮೇಲೆ ಒಂದು ಪ್ರೋಗ್ರಾಮಿನಲ್ಲಿ ಕನ್ನಡ ಟೈಪ್ ಆಗಿ ಇನ್ನೊಂದರಲ್ಲಿ ಆಗದಿದ್ದರೆ ಕನ್ನಡ ಮುಂತಾದ ಭಾಷೆಗಳನ್ನು ಟೈಪ್ ಮಾಡಿಸುವ ಐಬಸ್‌ಗೆ ಸಂಬಂಧಿಸಿದ ವೇರಿಯಬಲ್‌ಗಳನ್ನೂ ಹೀಗೆಯೇ ನೋಡಿ. ಅವನ್ನು ಹೋಮ್ ಫೋಲ್ಡರಿನ ‘ಪ್ರೊಫೈಲ್’ ಫೈಲಿಗೋ ‘ಡಾಟ್ ಕಾನ್ಫಿಗ್’ ಒಳಗಿನ ‘ಎನ್ವಿರಾನ್‌ಮೆಂಟ್ ಡಾಟ್ ಡಿ’ ಫೋಲ್ಡರಿಗೋ ವರ್ಗಾಯಿಸಿ, ಲಾಗ್‌ಔಟ್ ಆಗಿ ಮತ್ತೆ ಒಳಬನ್ನಿ.