ಪಿಂಗ್ ಹೋಗುತ್ತದೆ, ಫೈಲ್ ಹೋಗುವುದಿಲ್ಲ

ವೆಬ್‌ಸೈಟ್ ತೆರೆಯುತ್ತದೆ, ವಾಟ್ಸ್‌ಆಪ್ ಸಂದೇಶ ಹೋಗುತ್ತದೆ. ಎರಡು ಎಂಬಿ ಪಿಡಿಎಫ್ ಮೇಲ್‌ನಲ್ಲಿ ಕಳುಹಿಸಿದರೆ ಮಾತ್ರ ಅರ್ಧಕ್ಕೆ ನಿಲ್ಲುತ್ತದೆ. ಮಂಡ್ಯದ ಒಂದು ಆಡಿಟರ್ ಕಚೇರಿಯಲ್ಲಿ ಹಲವು ತಿಂಗಳಿಂದ ಇದೇ ಗೋಳು. ನಾನು ಮೈಸೂರಿನಿಂದ ಹೋಗುವಷ್ಟರಲ್ಲಿ ಹೊಸ ರೂಟರ್‌ಗೆ ಆರು ಸಾವಿರ, ಕೇಬಲ್‌ಗೆ ಮೂರು ಸಾವಿರದಷ್ಟು ಕೈಬಿಟ್ಟಿತ್ತು. ಪ್ಲಾನನ್ನೂ ದುಬಾರಿಯದಕ್ಕೆ ಏರಿಸಿದ್ದರು.

ಎಂಟಿಯು, ಅಂದರೆ ಲೈನಿನಲ್ಲಿ ಹೋಗಬಲ್ಲ ಪ್ಯಾಕೆಟ್ಟಿನ (ಡೇಟಾದ ತುಣುಕಿನ) ಗರಿಷ್ಠ ಗಾತ್ರ ನೋಡಬೇಕು ಎಂದೆ. "ಒಂದು ಸಂಖ್ಯೆ ಬದಲಿಸಿದರೆ ಸರಿಹೋಗುವುದಾದರೆ, ಇಷ್ಟು ದಿನ ಬಂದವರಿಗೆ ಗೊತ್ತಿರಲಿಲ್ಲವೇನ್ರೀ?" ಎಂದರು ಆಡಿಟರ್.

ಇಂಟರ್ನೆಟ್ ಲೈನ್‌ನವರು ಪ್ರತಿ ಸಲವೂ ಬಂದು, ತಮ್ಮ ಲ್ಯಾಪ್‌ಟಾಪನ್ನು ನೇರವಾಗಿ ಓಎನ್‌ಟಿಗೆ (ಫೈಬರ್ ಬಂದು ಸೇರುವ ಡಬ್ಬಿಗೆ) ಚುಚ್ಚಿ, ಡಯಲ್ ಮಾಡಿ, ಅದೇ ಫೈಲನ್ನು ಸಲೀಸಾಗಿ ಏರಿಸಿ ತೋರಿಸುತ್ತಿದ್ದರು. ಏರದೆ ಇನ್ನೇನು? ಯೂಸರ್‌ನೇಮ್ ಕೊಟ್ಟು ಲೈನಿಗೆ ಸೇರುವ ಪಿಪಿಪಿಓಇ ಪ್ರತಿ ಪ್ಯಾಕೆಟ್ಟಿನಲ್ಲಿ ತನಗೆಂದು 8 ಬೈಟ್ ತಿನ್ನುತ್ತದೆ. ಲ್ಯಾಪ್‌ಟಾಪೇ ಅದನ್ನು ಡಯಲ್ ಮಾಡಿದರೆ ಚಿಕ್ಕ ಗಾತ್ರವನ್ನು ತಾನೇ ಹಿಡಿದುಕೊಳ್ಳುತ್ತದೆ. ರೂಟರ್ ಹಿಂದಿರುವ ಕಂಪ್ಯೂಟರ್‌ಗಳಿಗೆ ಆ ಸುದ್ದಿಯೇ ಇಲ್ಲ, ಅವು ಮಾಮೂಲಿ 1500 ಬೈಟ್ ಎಂದೇ ಕುಳಿತಿರುತ್ತವೆ.

ವಿಂಡೋಸ್‌ನಲ್ಲಿ ಎಫ್ (ಒಡೆಯಬೇಡ) ಮತ್ತು ಎಲ್ (ಇಷ್ಟು ಗಾತ್ರ) ಹಾಕಿ ಪಿಂಗ್ ಮಾಡಿದೆ, ಅಂದರೆ ಆಚೆಯ ಕಂಪ್ಯೂಟರ್ ಓಗೊಡುತ್ತದೆಯೇ ಎಂದು ಕೂಗಿ ನೋಡಿದೆ. 1464ಕ್ಕೆ ಉತ್ತರ ಬಂತು. ಹೆಡರ್‌ಗಳ (ಪ್ಯಾಕೆಟ್ಟಿನ ತಲೆಚೀಟಿಗಳ) 28 ಬೈಟ್ ಕೂಡಿಸಿದರೆ 1492, ಪಿಪಿಪಿಓಇ ಲೆಕ್ಕ. 1465 ಕೊಟ್ಟರೆ ಪ್ಯಾಕೆಟ್ ಒಡೆಯಬೇಕು ಎಂಬ ದೂರು ಬರಬೇಕಿತ್ತು, ಬಂದದ್ದು ಬರೀ ಟೈಮ್‌ಔಟ್. ಕಳ್ಳ ಸಿಕ್ಕಿದ್ದು ಅಲ್ಲೇ. ಯಾರೋ ಭದ್ರತೆಯ ಹೆಸರಿನಲ್ಲಿ ಫೈರ್‌ವಾಲ್‌ನಲ್ಲಿ ಪಿಂಗ್ ಒಂದನ್ನು ಬಿಟ್ಟು ಉಳಿದ ಐಸಿಎಂಪಿಯನ್ನೆಲ್ಲ (ನೆಟ್‌ವರ್ಕ್ ದೋಷ ತಿಳಿಸುವ ಸಂದೇಶಗಳನ್ನೆಲ್ಲ) ಮುಚ್ಚಿದ್ದರು. ಒಡೆಯಬೇಕು ಎಂಬ ಆ ದೂರು, ಅಂದರೆ ಟೈಪ್ 3 ಕೋಡ್ 4, ಬಾರದಿದ್ದರೆ ಕಂಪ್ಯೂಟರ್ ದೊಡ್ಡ ಪ್ಯಾಕೆಟ್ಟನ್ನೇ ಮತ್ತೆ ಮತ್ತೆ ಕಳುಹಿಸುತ್ತಾ ಕೂರುತ್ತದೆ. ಆ ನಿಯಮ ತೆಗೆದು, ಎಂಎಸ್‌ಎಸ್ಸನ್ನು (ಹೆಡರ್ ಬಿಟ್ಟು ಒಳಗಿನ ಸರಕಿನ ಮಿತಿಯನ್ನು) 1452ಕ್ಕೆ ಕಟ್ಟಿದೆ. ಪಿಡಿಎಫ್ ನಾಲ್ಕೈದು ಸೆಕೆಂಡಿನಲ್ಲಿ ಹೋಯಿತು. ಜಿಎಸ್‌ಟಿಆರ್-3ಬಿ ರಿಟರ್ನ್‌ನ ಗಡುವಾದ 20ನೇ ತಾರೀಖು ಹತ್ತಿರವಿತ್ತು, ಆಡಿಟರ್ ಮುಖ ನೋಡಬೇಕಿತ್ತು!

ದೊಡ್ಡ ಪಿಂಗ್‌ಗೆ ಅನೇಕ ಸರ್ವರ್‌ಗಳು ಸರಿಯಾಗಿ ಉತ್ತರಿಸುವುದಿಲ್ಲ. ನಾನು ಯಾವುದಕ್ಕೆ ಮಾಡುತ್ತೇನೆ ಎಂಬುದು ನನ್ನಲ್ಲೇ ಇರಲಿ, ಹೊಟ್ಟೆಪಾಡು.

ಇದೇ ಹುರುಪಿನಲ್ಲಿ ಕುವೆಂಪುನಗರದ ನನ್ನ ಮನೆಯಲ್ಲಿ ಎನ್‌ಎಎಸ್‌ಗೂ (ಫೈಲ್ ಇಡುವ ನೆಟ್‌ವರ್ಕ್ ಡಬ್ಬಿಗೂ) ಪಿಸಿಗೂ ಎಂಟಿಯು 9000 ಹಾಕಿದೆ. ನಡುವಿನ ಹಳೆಯ ನೆಟ್‌ವರ್ಕ್ ಸ್ವಿಚ್ ದೊಡ್ಡ ಫ್ರೇಮ್‌ಗಳನ್ನು ಸದ್ದಿಲ್ಲದೆ ನುಂಗಿತು. ಬೇರೆ ಸ್ವಿಚ್ ತಂದರೂ ವೇಗ ಏರಿದ್ದು ಅಷ್ಟಕ್ಕಷ್ಟೇ, ಎರಡು ಸಾವಿರ ದಂಡ. ಈಥರ್ನೆಟ್ಟಿಗೆ 1508 ಕೊಟ್ಟು ಪಿಪಿಪಿಓಇಯನ್ನೇ 1500ಕ್ಕೆ ಏರಿಸುವ ಆಟವನ್ನೂ ಆಡಿದೆ. ನನ್ನ ಲೈನ್ ಒಪ್ಪಲಿಲ್ಲ.

ಮಂಡ್ಯದಲ್ಲಿ ಸಾವಿರದೈನೂರು ಕೇಳಿದ್ದೆ, ಐದು ನಿಮಿಷದ ಕೆಲಸವೆಂದು ಸಾವಿರದ ಇನ್ನೂರು ಕೊಟ್ಟರು. ಆಮೇಲೆ ಐಪಿವಿ6 (ಇಂಟರ್ನೆಟ್ ವಿಳಾಸದ ಹೊಸ ಪದ್ಧತಿ) ಚಾಲೂ ಆದಾಗ ಮತ್ತೆ ಕರೆ ಬಂತು. ಅದರ ಹೆಡರ್ 20 ಬೈಟ್ ದೊಡ್ಡದು, ಎಂಎಸ್‌ಎಸ್ ಬೇರೆಯಾಗಿ 1432 ಕೊಡಬೇಕು. ಈ ಸಲ ದುಡ್ಡು ಮೊದಲೇ ಮಾತಾಡಿಕೊಂಡೆ.