ಕಾಲೇಜು ಬ್ಯಾಸ್ಕೆಟ್‌ಬಾಲ್ ಕೋಚ್ ಆಗಬೇಕೆನ್ನುವವರಿಗೆ

ಕರ್ನಾಟಕದ ಕಾಲೇಜುಗಳಲ್ಲಿ ಬ್ಯಾಸ್ಕೆಟ್‌ಬಾಲ್ ಕೋಚ್ ಆಗಲು ಎರಡು ದಾರಿಗಳಿವೆ, ಎರಡಕ್ಕೂ ತಯಾರಿ ಬೇರೆ. ಒಂದು ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆ, ಹುಡುಗರ ಬಾಯಲ್ಲಿ ‘ಪಿಡಿ ಸರ್’. ಇನ್ನೊಂದು, ಸೀಸನ್ನಿಗೆಂದು ಗೌರವಧನ ಕೊಟ್ಟು ಕರೆಸುವ ಕೋಚ್.

ಪಿಡಿ ಹುದ್ದೆಗೆ 2018ರ ಯುಜಿಸಿ ನಿಯಮ ಅನ್ವಯಿಸುತ್ತದೆ. ಎಂ.ಪಿ.ಇಡಿಯಲ್ಲಿ, ಅಂದರೆ ದೈಹಿಕ ಶಿಕ್ಷಣದ ಸ್ನಾತಕೋತ್ತರ ಪದವಿಯಲ್ಲಿ, ಸಾಮಾನ್ಯ ವರ್ಗಕ್ಕೆ ಶೇ. 55 ಅಂಕ, ಅರ್ಹತಾ ಪರೀಕ್ಷೆಗಳಾದ ನೆಟ್ ಅಥವಾ ಕೆಸೆಟ್ (ನಿಯಮದ ಪ್ರಕಾರ ಪಡೆದ ಪಿಎಚ್.ಡಿ. ಇದ್ದರೆ ವಿನಾಯಿತಿ), ಜೊತೆಗೆ ಕಾಲೇಜು ಅಥವಾ ವಿಶ್ವವಿದ್ಯಾಲಯದ ಪರ ಆಡಿದ ದಾಖಲೆ ಬೇಕು. ದೈಹಿಕ ಸಾಮರ್ಥ್ಯ ಪರೀಕ್ಷೆಯೂ ಇದೆ: 30 ವರ್ಷದವರೆಗಿನ ಗಂಡಸರು 12 ನಿಮಿಷದಲ್ಲಿ 1800 ಮೀಟರ್, ಹೆಂಗಸರು 8 ನಿಮಿಷದಲ್ಲಿ 1000 ಮೀಟರ್ ಕ್ರಮಿಸಬೇಕು. ಆಡುವ ಕಾಲದ ಸರ್ಟಿಫಿಕೇಟುಗಳನ್ನು ಅಂದೇ ಫೈಲಿಗೆ ಹಾಕಿಡಿ. ಹತ್ತು ವರ್ಷ ಬಿಟ್ಟು ಕೇಳಿದರೆ ಕೊಡುವವರು ಸಿಗುವುದಿಲ್ಲ. ಈ ಹುದ್ದೆಯಲ್ಲಿ ಕಬಡ್ಡಿ, ಅಥ್ಲೆಟಿಕ್ಸ್, ವಾರ್ಷಿಕ ಕ್ರೀಡಾಕೂಟ ಎಲ್ಲವೂ ನಿಮ್ಮ ಹೆಗಲಿಗೇ ಬರುತ್ತವೆ.

ಬ್ಯಾಸ್ಕೆಟ್‌ಬಾಲ್ ಒಂದೇ ಸಾಕು, ಸೀಸನ್ನಿನ ಕೋಚ್ ಆಗುತ್ತೇನೆ ಎನ್ನುವವರಿಗೆ ಎನ್‌ಐಎಸ್ (ಪಟಿಯಾಲಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆ) ಕೊಡುವ ಕೋಚಿಂಗ್ ಡಿಪ್ಲೊಮಾ ಸರಿಯಾದ ದಾರಿ. ಅದಕ್ಕೆ ಸಮಯವಿಲ್ಲದಿದ್ದರೆ ಅಲ್ಲಿನ ಆರು ವಾರದ ಸರ್ಟಿಫಿಕೇಟ್ ಕೋರ್ಸಿನಿಂದ ಶುರು ಮಾಡಬಹುದು. ಕೋರ್ಸಿನಷ್ಟೇ ಮುಖ್ಯವಾದುದು ಹತ್ತಿರದ ಕ್ಲಬ್ಬಿನಲ್ಲಿ ಚಿಕ್ಕ ಮಕ್ಕಳ ಬ್ಯಾಚಿಗೆ ಸಹಾಯಕರಾಗಿ ಎರಡು ವರ್ಷ ನಿಲ್ಲುವುದು. ಲೇ-ಅಪ್ಪಿನ (ಓಡಿಬಂದು ಬುಟ್ಟಿಯ ಹತ್ತಿರ ಜಿಗಿದು ಚೆಂಡು ಹಾಕುವುದು) ಎರಡು ಹೆಜ್ಜೆಯನ್ನು ಹತ್ತು ವರ್ಷದ ಮಗುವಿಗೆ ಕಲಿಸಲು ಬಂದವರಿಗೆ ಕಾಲೇಜು ಹುಡುಗರ ತಪ್ಪು ಕಣ್ಣಿಗೆ ಬೀಳುತ್ತದೆ.

ಕೆಲಸ ಸಿಕ್ಕಿತು ಅನ್ನಿ. ಕ್ಲಾಸಿಗೆ ಮುಂಚೆ ಬೆಳಿಗ್ಗೆ ಸಿಗುವುದು ಒಂದೂವರೆ ಗಂಟೆ. ಅದನ್ನು ಹೀಗೆ ಹಂಚಿ: ವಾರ್ಮ್‌ಅಪ್ 12 ನಿಮಿಷ, ಡ್ರಿಬಲ್ ಮತ್ತು ಪಾಸ್ 15, ಶೂಟಿಂಗ್ 20, ಮೂವರ ಮೇಲೆ ಮೂವರು 20, ಪೂರ್ತಿ ಆಟ 15, ಕೊನೆಯ 8 ನಿಮಿಷ ಫ್ರೀ ಥ್ರೋ (ಎದುರಾಳಿಯ ಫೌಲಿಗೆ ಸಿಗುವ, ಯಾರೂ ತಡೆಯದ ಎಸೆತ). ಬಂದ ಕೂಡಲೇ ಮ್ಯಾಚ್ ಆಡಿಸಬೇಡಿ. ಚೆಂಡು ಇಬ್ಬರು ಜಾಣರ ಕೈಯಲ್ಲೇ ಸುತ್ತುತ್ತದೆ, ಉಳಿದವರು ಓಡಾಡಿ ಮನೆಗೆ ಹೋಗುತ್ತಾರೆ. ಮೂವರ ಆಟದಲ್ಲಿ ಅಡಗಿ ನಿಲ್ಲಲು ಯಾರಿಗೂ ಜಾಗವಿಲ್ಲ.

ಫ್ರೀ ಥ್ರೋವನ್ನು ಒಂದೇ ಸಮನೆ ಐವತ್ತು ಹೊಡೆಸಿದರೆ ಲೆಕ್ಕ ಚೆನ್ನಾಗಿ ಕಾಣುತ್ತದೆ, ಮ್ಯಾಚಿನಲ್ಲಿ ತಪ್ಪುತ್ತದೆ. ಮ್ಯಾಚಿನಲ್ಲಿ ಸಿಗುವುದು ಸಾಮಾನ್ಯವಾಗಿ ಎರಡು, ಅದೂ ಏದುಸಿರಿನಲ್ಲಿ. ಆದ್ದರಿಂದ ಎರಡು ಹೊಡೆಸಿ, ಕೋರ್ಟಿನ 28 ಮೀಟರ್ ಓಡಿಸಿ, ಮತ್ತೆ ಎರಡು.

ಅಂತರ ಕಾಲೇಜು ಪಂದ್ಯಗಳಲ್ಲಿ ಬಹಳ ಟೀಮುಗಳು 2-3 ಝೋನ್ ಹಾಕುತ್ತವೆ, ಅಂದರೆ ಮುಂದೆ ಇಬ್ಬರು, ಬುಟ್ಟಿಯ ಹತ್ತಿರ ಮೂವರು ತಂತಮ್ಮ ಜಾಗ ಕಾಯುತ್ತಾರೆ. ಹೊಸ ಟೀಮು ಹೊರಗಡೆಯೇ ಚೆಂಡು ತಿರುಗಿಸುತ್ತಾ ಶಾಟ್ ಹೊಡೆಯಲು ಸಿಗುವ 24 ಸೆಕೆಂಡ್ ಕಳೆದು, ಕೊನೆಗೆ ದೂರದಿಂದ ಎಸೆಯುತ್ತದೆ. ಮದ್ದು ಸರಳ: ಫ್ರೀ ಥ್ರೋ ಗೆರೆಯ ನಡುವೆ, ಎದುರಾಳಿಯ ಮುಂದಿನ ಇಬ್ಬರ ಬೆನ್ನ ಹಿಂದೆ ಒಬ್ಬನನ್ನು ನಿಲ್ಲಿಸಿ. ಅಲ್ಲಿಗೆ ಉದ್ದದವನಿಗಿಂತ ಚೆನ್ನಾಗಿ ಪಾಸ್ ಕೊಡುವವನು ಬೇಕು. ಅವನ ಕೈಗೆ ಚೆಂಡು ಬಂದೊಡನೆ ಹಿಂದಿನ ಮೂವರಲ್ಲಿ ನಡುವಿನವನು ಮುಂದೆ ಬರಲೇಬೇಕು, ಆಗ ಬುಟ್ಟಿಯ ಕೆಳಗೆ ಜಾಗ ತೆರೆಯುತ್ತದೆ. ಅವನು ಬರದಿದ್ದರೆ ಅಲ್ಲಿಂದಲೇ ಶಾಟ್.

ಸಿಮೆಂಟ್ ಕೋರ್ಟಿನಲ್ಲಿ ದಿನಾ ಜಿಗಿಸಿದರೆ ಮೊಣಕಾಲ ಕೆಳಗಿನ ಮುಂಗಾಲು ಮೂಳೆ ನೋಯುತ್ತದೆ. ವಾರಕ್ಕೆರಡು ದಿನ ಜಿಗಿತವಿಲ್ಲದ ಅಭ್ಯಾಸ ಇಡಿ, ಸವೆದ ಶೂ ಹಾಕಿಕೊಂಡು ಬಂದವರನ್ನು ಓಡಿಸಬೇಡಿ.

ಮ್ಯಾಚಿನ ದಿನ ಟೈಮ್‌ಔಟ್ ಲೆಕ್ಕ ಬರೆದಿಡಿ: ಮೊದಲರ್ಧಕ್ಕೆ ಎರಡು, ಎರಡನೇ ಅರ್ಧಕ್ಕೆ ಮೂರು. ಕೊನೆಯ ಎರಡು ನಿಮಿಷಕ್ಕೆ ಮೂರನ್ನೂ ಉಳಿಸಿಕೊಳ್ಳೋಣವೆಂದರೆ ಆಗದು, ಅಲ್ಲಿ ಬಳಸಲು ಬಿಡುವುದು ಎರಡೇ. ಹಾಗೆಯೇ ಒಂದು ಕ್ವಾರ್ಟರಿನಲ್ಲಿ ಟೀಮಿನ ನಾಲ್ಕು ಫೌಲ್ ಆದವೆಂದರೆ ಬೆಂಚಿನಿಂದ ಕೂಗಿ ಹೇಳಿ. ಐದನೆಯದರಿಂದ ಎದುರಾಳಿಗೆ ಎರಡು ಫ್ರೀ ಥ್ರೋ.

ಪಂದ್ಯಕ್ಕೆ ಮುಂಚಿನ ಕಾಗದದ ಕೆಲಸವನ್ನು ಗುಮಾಸ್ತರಿಗೆ ಬಿಡಬೇಡಿ. ಅರ್ಹತಾ ಪತ್ರ, ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿ, ಫೀ ರಸೀದಿ, ಪ್ರಾಂಶುಪಾಲರ ಸಹಿ ಮತ್ತು ಸೀಲು, ಇವನ್ನು ಆಟಗಾರರ ಹೆಸರಿನಲ್ಲಿ ಒಂದೊಂದು ಕವರಿಗೆ ಹಾಕಿ ವಾರ ಮೊದಲೇ ನೀವೇ ನೋಡಿ. ಹೆಸರಿನ ಇನಿಷಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇದ್ದರೂ ಪರಿಶೀಲನೆಯ ಮೇಜಿನಲ್ಲಿ ತಕರಾರು ಏಳಬಹುದು, ಆ ಹೊತ್ತಿಗೆ ಕಾಲೇಜಿನ ಆಫೀಸು ಮುಚ್ಚಿರುತ್ತದೆ.